ಗೈಡಿನ ಆಚೆಗೂ ಪುಸ್ತಕ ಐತಿ

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ಒಂದು ಪ್ರಶ್ನೆ. ಮಾರ್ಕಿಗಲ್ಲದೆ, ನೌಕರಿಗಲ್ಲದೆ, ಬರೀ ಖುಷಿಗೆಂದು ನೀವು ಕಡೆಯ ಪುಟದ ತನಕ ಓದಿದ ಪುಸ್ತಕ ಯಾವುದು? ನೆನಪಾಗದಿದ್ದರೆ ನಾಚಿಕೆ ಬೇಡ. ಹೋದ ವರ್ಷದ ತನಕ ನನಗೂ ನೆನಪಾಗುತ್ತಿರಲಿಲ್ಲ.

ನಾನು ಕುಪ್ಪೇಲೂರಿನ ಕೇರಿಯವನು. ಸಣ್ಣವನಿದ್ದಾಗ ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುತ್ತಿದ್ದೆ. ಹರಿದುಹೋದ ಭಾಗದ ಕತೆಯನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಮುಂದೆ ಹಾಸ್ಟೆಲ್ ಸೇರಿದೆ. ಅಲ್ಲೊಂದು ಕಬ್ಬಿಣದ ಕಪಾಟು, ಅದರ ತುಂಬ ಪುಸ್ತಕ, ಅದಕ್ಕೊಂದು ಕೀಲಿ. ‘ಒಂದು ಕಳೆದ್ರ ನನ್ನ ಪಗಾರದಾಗ ಹಿಡೀತಾರ. ನಿನಗ್ಯಾಕ ಬೇಕಲೇ ಅವು? ಪಾಠ ಓದು ಹೋಗು’ ಅಂದರು ವಾರ್ಡನ್. ಮೂರು ವರ್ಷ ಆ ಕೀಲಿ ತೆಗೆದದ್ದನ್ನು ನಾನು ಕಾಣಲಿಲ್ಲ. ಆಮೇಲೆ ನೋಟ್ಸು, ಗೈಡು, ಹಳೇ ಪ್ರಶ್ನೆಪತ್ರಿಕೆ. ಪುಸ್ತಕ ಕಂಡರೆ ತಲೆನೋವು ಬರುವಂತಾಯಿತು.

ಹೋದ ವರ್ಷ ಸುಗ್ಗಿಗೆ ಊರಿಗೆ ಹೊರಟಾಗ ಗೆಳೆಯನೊಬ್ಬ ದೇವನೂರ ಮಹಾದೇವರ ‘ಒಡಲಾಳ’ ಕೈಗಿಟ್ಟ. ಅದು ಮೈಸೂರು ಸೀಮೆಯ ಮಾತು, ನಮ್ಮ ಬಾಯಿಗೆ ಹತ್ತದು. ಎರಡು ಪುಟಕ್ಕೆ ಮುಚ್ಚಿಟ್ಟೆ. ‘ಗಟ್ಟಿ ಓದೋ ತಮ್ಮಾ, ನಾನೂ ಕೇಳತೀನಿ’ ಅಂದಳು ಅವ್ವ. ಗಟ್ಟಿಯಾಗಿ ಓದಿದ್ದೇ ತಡ, ಆ ಮಾತು ಕಿವಿಗೆ ಹತ್ತಿತು. ಸಾಕವ್ವ ಕಳೆದ ಹುಂಜ ಹುಡುಕುತ್ತ ಅಲೆಯುವಾಗ ಅವ್ವ ನಕ್ಕಳು. ಮನೆಮಂದಿಯೆಲ್ಲ ಕೂತು ರಾತ್ರಿ ಕದ್ದ ಕಡ್ಲೆಕಾಯಿ ತಿನ್ನುವಾಗ ‘ಕಡ್ಲೆಕಾಯಿ ಅಂದ್ರ ಶೇಂಗಾನ?’ ಎಂದು ಕೇಳಿ ಸುಮ್ಮನಾದಳು. ಪೊಲೀಸರು ಬಂದಾಗ ‘ಅಯ್ಯ, ಸಿಪ್ಪಿ ಎಲ್ಲಿ ಹಾಕ್ಯಾರ?’ ಅಂದಳು. ಶಾಲೆ ಮೆಟ್ಟಿಲು ಹತ್ತದ ನನ್ನವ್ವ ಅವತ್ತು ನನಗಿಂತ ಚಲೋ ಓದಿದಳು. ನನ್ನ ಕಳೆದುಹೋದ ಖುಷಿ ಅವ್ವನ ಕೈಯಿಂದ ತಿರುಗಿ ಸಿಕ್ಕಿತು.

ಪರೀಕ್ಷೆಯ ಓದನ್ನು ನಾನು ಹಳಿಯುವುದಿಲ್ಲ. ಹೆತ್ತವರು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದ ಕೂಲಿಯಲ್ಲಿ ನಮ್ಮನ್ನು ಓದಿಸಿದ್ದಾರೆ. ನೌಕರಿ ಬೇಕೇ ಬೇಕು. ಆದರೆ ‘ನಿಮಗೆ ನೌಕರಿಗೆ ಸಾಲುವಷ್ಟು ಅಕ್ಷರ ಸಾಕು, ಕತೆ ಕಾದಂಬರಿ ಉಳ್ಳವರ ಶೋಕಿ’ ಎಂಬ ಮಾತನ್ನು ಒಪ್ಪಬೇಡಿ. ಶತಮಾನಗಳ ಕಾಲ ನಮ್ಮಿಂದ ಕಸಿದದ್ದು ಅಕ್ಷರವನ್ನು, ಅದರ ಜತೆಗೆ ಅಕ್ಷರದ ಸುಖವನ್ನು. ಅರ್ಧ ವಸೂಲಾಯಿತೆಂದು ಸುಮ್ಮನೆ ಕೂರುವುದೇ?

ಬಾಬಾಸಾಹೇಬರನ್ನೇ ನೋಡಿ. 1907ರಲ್ಲಿ ಅವರು ಮುಂಬಯಿಯಲ್ಲಿ ಮೆಟ್ರಿಕ್ ಪಾಸಾದಾಗ ಸತ್ಕಾರದ ಸಭೆ ನಡೆಯಿತು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮಾಸ್ತರರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನಿಗೆ ಕೊಟ್ಟರು. ಪರೀಕ್ಷೆ ಮುಗಿದಿತ್ತು, ಆ ಪುಸ್ತಕದಿಂದ ಒಂದು ಮಾರ್ಕೂ ಹೆಚ್ಚುವಂತಿರಲಿಲ್ಲ. 49 ವರ್ಷ ಕಳೆದು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜತೆ ಬುದ್ಧನ ದಾರಿ ಹಿಡಿದರು. ಆ ಹುಡುಗ ಬರೀ ಗೈಡು ಓದಿದ್ದರೆ?

‘ಏನು ಓದೋದು? ಪುಸ್ತಕದಾಗ ನಾವೆಲ್ಲಿ ಅದೀವಿ?’ ಎಂದು ಕೇಳುತ್ತೀರಿ. ಈ ಪ್ರಶ್ನೆ ಹಳೆಯದು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರ ಮಂತ್ರಿಗಿರಿಯೂ ಹೋಯಿತು. ಆದರೆ ಪುಸ್ತಕಗಳು ಬಂದವು. ಅದೇ ವರ್ಷ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಇವತ್ತು ನಮ್ಮ ಕಪಾಟು ಖಾಲಿ ಇಲ್ಲ.

ನಗಬೇಕೆಂದರೆ ಸಿದ್ದಲಿಂಗಯ್ಯನವರ ‘ಊರುಕೇರಿ’ ಹಿಡಿಯಿರಿ. ಬಡತನದ ಕತೆಯನ್ನು ಹೀಗೂ ನಗುತ್ತ ಹೇಳಬಹುದೇ ಎಂದು ಬೆರಗಾಗುತ್ತೀರಿ. ನಮ್ಮ ಕಡೆಯ ಮಾತು ಬೇಕೆಂದರೆ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಕಲಬುರ್ಗಿಯ ಗೀತಾ ನಾಗಭೂಷಣರ ‘ಬದುಕು’. ಮರಾಠಿಯಿಂದ ಬಂದ ಲಕ್ಷ್ಮಣ ಮಾನೆಯವರ ‘ಉಪರಾ’ವನ್ನೂ ಓದಿ. ಬರೀ ನಮ್ಮ ನೋವನ್ನೇ ಓದಬೇಕೆಂಬ ಕಟ್ಟಳೆಯೂ ಬೇಡ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹಿಂದೆ ಕಾಡು ಹೊಕ್ಕು ಬನ್ನಿ. ಕಾಡೂ ನಮ್ಮದೇ, ಕುತೂಹಲವೂ ನಮ್ಮದೇ. ಹಿಡಿಸದಿದ್ದರೆ ಮೂವತ್ತು ಪುಟಕ್ಕೆ ಬಿಟ್ಟು ಬೇರೆಯದು ತೆಗೆಯಿರಿ. ಯಾರೂ ನಪಾಸು ಮಾಡುವುದಿಲ್ಲ.

ಪುಸ್ತಕ ಎಲ್ಲಿಂದ ತರೋದು? ನಮ್ಮ ಹಾವೇರಿ ನೆಲದ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಆಗ ನಮ್ಮ ಕೇರಿಗಳಲ್ಲಿ ಓದಬಲ್ಲವರು ಎಷ್ಟು ಮಂದಿ? ಈಗ ಓದಬಲ್ಲವರಿದ್ದೇವೆ, ಗಂಟು ಹೊರುವವರಿಲ್ಲ. ನಾವೇ ಹೊರೋಣ. ಪಂಚಾಯ್ತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ತಮ್ಮ ತಂಗಿಯರ ಹೆಸರು ಬರೆಸಿ. ಬಾಗಿಲು ಮುಚ್ಚಿದ್ದರೆ ಯಾಕೆಂದು ಕೇಳಿ. ಮನೆ ತೆರಿಗೆಯ ಜತೆ ಗ್ರಂಥಾಲಯ ಕರ ಕಟ್ಟುವವರು ನಾವು, ಕೇಳುವುದು ಭಿಕ್ಷೆಯಲ್ಲ.

ಹಾಸ್ಟೆಲಿನಲ್ಲಿ ಮಾಡಬೇಕಾದದ್ದು ಇಷ್ಟೇ. ಕಪಾಟಿನ ಕೀಲಿ ಕೇಳಿ. ಜವಾಬ್ದಾರಿ ಹೊರುತ್ತೇವೆ ಎಂದು ಹತ್ತು ಮಂದಿ ಸಹಿ ಹಾಕಿ ಕೊಡಿ. ಅದೂ ಆಗದಿದ್ದರೆ ಒಂದು ಹಳೇ ಟ್ರಂಕು ಸಾಕು, ಒಬ್ಬೊಬ್ಬರು ಒಂದೊಂದು ಪುಸ್ತಕ ಹಾಕಿ. ರವಿವಾರ ರಾತ್ರಿ ಊಟ ಆದ ಮೇಲೆ ಮೊಬೈಲು ಬದಿಗಿಟ್ಟು ಒಂದು ತಾಸು ಒಬ್ಬ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಅಡುಗೆ ಮಾಡುವ ಅಕ್ಕನನ್ನೂ ಕರೆಯಿರಿ.

ರಜೆಗೆ ಊರಿಗೆ ಹೋಗುವಾಗ ಚೀಲದಲ್ಲಿ ಒಂದು ಪುಸ್ತಕ ಇರಲಿ. ನಮ್ಮವ್ವ ಈಗ ಫೋನ್ ಮಾಡಿದರೆ ‘ಉಂಡಿಯೇನೋ?’ ಎಂದ ಮೇಲೆ ಇನ್ನೊಂದು ಮಾತು ಕೇಳುತ್ತಾಳೆ: ‘ಮುಂದಿನ ಪುಸ್ತಕ ಯಾವಾಗ ತರ್ತೀ?’

ಜೈ ಭೀಮ್.

— ಕುಪ್ಪೇಲೂರಿನ ಒಬ್ಬ ಹಾಸ್ಟೆಲ್ ಹುಡುಗ