ಮೊದಲ ಹೆಜ್ಜೆ ಯಾವ ಕ್ಯಾಮೆರಾದಲ್ಲಿ?

ಮಿನಿ ಡಿವಿ ಕ್ಯಾಮ್‌ಕಾರ್ಡರ್ ಇನ್ನೂ ಚೆನ್ನಾಗಿ ಓಡುತ್ತಿರುವಾಗ ಎಚ್‌ಡಿ ಕೊಳ್ಳಬೇಕೆ? ಮಿನಿ ಡಿವಿಯಲ್ಲಿ ನಮ್ಮ ಪಾಲ್ ಟಿವಿ ಪದ್ಧತಿಯ ಚಿತ್ರಕ್ಕೆ 720×576 ಪಿಕ್ಸೆಲ್; ಪೂರ್ಣ ಎಚ್‌ಡಿಗೆ 1920×1080, ಸರಿಯಾಗಿ 5 ಪಟ್ಟು. ಮನೆಯಲ್ಲಿ ಹಳೆಯ ಡಬ್ಬಾ ಟಿವಿಯೇ ಇದ್ದರೆ ಈ ವ್ಯತ್ಯಾಸ ಇವತ್ತು ಕಾಣದು, ನಿಜ. ಆದರೆ ಮಗುವಿನ ಮೊದಲ ಹೆಜ್ಜೆಯನ್ನು ಇಪ್ಪತ್ತು ವರ್ಷ ಕಳೆದು, ಇನ್ನೂ ದೊಡ್ಡ ಪರದೆಯಲ್ಲಿ ನೋಡುವ ಆಸೆಯಿದೆಯಲ್ಲ! ಎಚ್‌ಡಿಯನ್ನು ಆಮೇಲೆ ತಗ್ಗಿಸಿ ಡಿವಿಡಿ ಮಾಡಬಹುದು. ಕ್ಯಾಮೆರಾ ಹಿಡಿಯದೇ ಬಿಟ್ಟ ವಿವರವನ್ನು ಯಾವ ಯಂತ್ರವೂ ಮರಳಿ ತರಲಾರದು. ನನ್ನ ಮತ ಎಚ್‌ಡಿಗೇ. ಒಂದು ತೊಡಕು: ಸೋನಿ, ಪ್ಯಾನಸೋನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಎಂಬ ಎಚ್‌ಡಿ ವಿಡಿಯೊ ರೂಪವನ್ನು ಎಡಿಟ್ ಮಾಡಲು ಹಳೆಯ ಕಂಪ್ಯೂಟರ್ ತಿಣುಕುತ್ತದೆ. ಅಂಥ ಕಂಪ್ಯೂಟರ್ ಇರುವವರಿಗೆ ಅದೇ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ದಾಖಲಾಗುವ ಎಚ್‌ಡಿವಿ ಹಗುರ. ಕಪಾಟಿನ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳುವವರೆಗೆ ಹಳೆಯ ಕ್ಯಾಮ್‌ಕಾರ್ಡರನ್ನು ಮಾತ್ರ ಮಾರಬೇಡಿ.