ರೇಟ್ ಕೇಳುವ ಮೊದಲು ಬೋಟಿನ ಕಾಗದ ಕೇಳಿ

ಸಮುದ್ರ ನೋಡಿ, ಕಾಲು ತೊಳೆದುಕೊಂಡು ವಾಪಸ್ ಬರುತ್ತಿದ್ದ ಕಾಲ ಮುಗಿಯಿತು. ಈಗ ಬೋಟ್ ಬಾಡಿಗೆಗೆ ಹಿಡಿದು, ಆಳ ಸಮುದ್ರಕ್ಕೆ ಹೋಗಿ, ಗಾಳ ಹಾಕಿ ಬರಬೇಕು. ದೊಡ್ಡ ಅಂಜಲ್ ಮೀನನ್ನು ಎರಡು ಕೈಯಲ್ಲಿ ಎತ್ತಿ ನಿಂತವರ ರೀಲ್ಸ್ ನಮ್ಮ ಬಯಲುಸೀಮೆಯ ಹಳ್ಳಿಗಳ ಮೊಬೈಲಿನಲ್ಲೂ ಓಡುತ್ತಿವೆ. ಸುಗ್ಗಿ ಮುಗಿದ ಮೇಲೆ ಹತ್ತು ಹನ್ನೆರಡು ಹುಡುಗರು ದುಡ್ಡು ಕೂಡಿಸಿ, ಟಿಟಿ ಮಾಡಿಕೊಂಡು ಮಲ್ಪೆಗೋ ಮುರುಡೇಶ್ವರಕ್ಕೋ ಹೊರಡುತ್ತಾರೆ.

ಹೋಗಬೇಡಿ ಅನ್ನಲು ನಾವು ಯಾರು? ಖಂಡಿತ ಹೋಗಿ. ನಮ್ಮ ತಕರಾರು ಇರುವುದು ಬೋಟ್ ಆರಿಸುವ ರೀತಿಯ ಮೇಲೆ. ಧಕ್ಕೆಯ ಮೇಲೆ ನಿಂತು ನಾವು ಕೇಳುವುದು ಎರಡೇ ಪ್ರಶ್ನೆ: ತಲೆಗೆ ಎಷ್ಟು? ಮೀನು ಸಿಗುತ್ತದಾ? ಈ ಎರಡರ ಉತ್ತರದಿಂದ ಯಾವ ಬೋಟೂ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದಿಲ್ಲ.

ಊರಿಂದ ಹೊರಡುವಾಗ ಟಿಟಿ ಬಾಡಿಗೆಗೆ ಹಿಡಿದವರು ನಾವೇ. ಆಗ ಟಯರ್ ನೋಡುತ್ತೇವೆ, ಡ್ರೈವರ್ ಕುಡಿಯುತ್ತಾನಾ ಎಂದು ವಿಚಾರಿಸುತ್ತೇವೆ, ಬೋರ್ಡು ಹಳದಿಯೋ ಬಿಳಿಯೋ ಎಂದು ಗಮನಿಸುತ್ತೇವೆ. ಬಿಳಿ ಬೋರ್ಡ್ ಗಾಡಿಯಲ್ಲಿ ದುಡ್ಡು ಕೊಟ್ಟು ಹೋದರೆ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆಂಬುದು ಹಳ್ಳಿಯ ಚಿಕ್ಕ ಹುಡುಗನಿಗೂ ಗೊತ್ತು. ಅದೇ ನಾವು ರಸ್ತೆಯೇ ಇಲ್ಲದ ನೀರಿನ ಮೇಲೆ ಹೋಗುವಾಗ ಏನನ್ನೂ ಕೇಳದೆ ಹತ್ತಿಬಿಡುತ್ತೇವೆ.

ಸಮುದ್ರದಲ್ಲೂ ಹಳದಿ ಬೋರ್ಡು, ಬಿಳಿ ಬೋರ್ಡು ಇದೆ. ನಮ್ಮ ರಾಜ್ಯದ ಮೀನುಗಾರಿಕೆ ದೋಣಿಗಳ ನಂಬರ್ ‘ಐಎನ್‌ಡಿ-ಕೆಎ’ ಎಂದು ಶುರುವಾಗುತ್ತದೆ. ಅದು ಮೀನು ಹಿಡಿಯಲು ಆದ ನೋಂದಣಿ. ದುಡ್ಡು ಪಡೆದು ಪ್ರವಾಸಿಗರನ್ನು ಸಾಗಿಸಲು ಬೇರೆ ಪರವಾನಗಿ ಬೇಕು, ಎಷ್ಟು ಜನ ಹತ್ತಬಹುದು ಎಂಬ ಲೆಕ್ಕ ಅದರಲ್ಲಿರಬೇಕು. ಆ ಕಾಗದ ತೋರಿಸಿ ಎಂದು ಕೇಳುವುದು ಅವಮಾನ ಮಾಡಿದಂತಲ್ಲ. ಕೇಳಿದ್ದಕ್ಕೆ ಸಿಟ್ಟಾಗುವವನ ಬೋಟ್ ನಿಮಗೆ ಬೇಡ.

‘ಮೀನುಗಾರರಿಗೆ ಸಮುದ್ರ ಗೊತ್ತಿಲ್ಲವೇ? ನಿಮ್ಮ ಕಾಗದ ಯಾಕೆ?’ ಎಂದು ಕೇಳುವವರಿದ್ದಾರೆ. ಗೊತ್ತು, ನಮಗಿಂತ ನೂರು ಪಾಲು ಗೊತ್ತು. ಆದರೆ ಮೀನು ಹಿಡಿಯುವ ದೋಣಿ ತಳದಲ್ಲಿ ಬಲೆ, ಮಂಜುಗಡ್ಡೆ, ಮೀನಿನ ಭಾರ ಹೊತ್ತು ಸಮತೋಲದಲ್ಲಿ ಓಡುವಂಥದ್ದು. ಅದರ ಮೇಲೆ ನಿಲ್ಲುವವರು ಅಲೆಗೆ ತಕ್ಕಂತೆ ಕಾಲಿಡಲು ಬಲ್ಲ ನಾಲ್ಕಾರು ಮಂದಿ. ತಳ ಖಾಲಿ ಇಟ್ಟು, ಮೇಲೆ ಕುರ್ಚಿ ಹಾಕಿ, ಇಪ್ಪತ್ತು ಜನರನ್ನು ಕೂರಿಸಿದರೆ ದೋಣಿಯ ಭಾರವೆಲ್ಲ ಮೇಲಕ್ಕೆ ಬರುತ್ತದೆ. ಡಾಲ್ಫಿನ್ ಕಂಡಿತು ಎಂದು ಎಲ್ಲರೂ ಫೋನ್ ಹಿಡಿದು ಒಂದೇ ಬದಿಗೆ ಓಡಿದರೆ ಮಗುಚಲು ಬಿರುಗಾಳಿಯೇ ಬೇಕಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ಬೋಟ್. ಮಿತಿ ಮೀರಿ ಜನ ತುಂಬಿ, ಹೊತ್ತು ಮುಳುಗುವ ವೇಳೆಗೆ ಹೊರಟಿತ್ತು. ಮಗುಚಿದ್ದು ನಡುಸಮುದ್ರದಲ್ಲೂ ಅಲ್ಲ, ದಡಕ್ಕೆ ಹತ್ತಿರದ ಅಳಿವೆಯಲ್ಲಿ.

ನಮ್ಮಲ್ಲಿಯೂ ಆಗಿದೆ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋಗಿದ್ದವರ ಬೋಟ್ ಮುಳುಗಿ 16 ಜನ ಪ್ರಾಣ ಬಿಟ್ಟರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಮಳೆಗಾಲವಲ್ಲದ, ಬೋಟುಗಳು ದಿನವೂ ಓಡಾಡುವ ತಿಂಗಳು ಅದು.

ಹಾಗಾದರೆ ಆರಿಸುವುದು ಹೇಗೆ? ಮೊದಲು ಲೈಫ್ ಜಾಕೆಟ್ ಎಣಿಸಿ. ತಲೆಗೊಂದು ಇರಬೇಕು, ಬಕಲ್ ಗಟ್ಟಿಯಾಗಿ ಕೂರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಇರಬೇಕು. ಮೂಲೆಯಲ್ಲಿ ಕಟ್ಟಿಟ್ಟ ಜಾಕೆಟ್ ಬೋಟ್ ಮಗುಚಿದಾಗ ಯಾರ ಕೈಗೂ ಸಿಗುವುದಿಲ್ಲ. ದಡ ಬಿಡುವ ಮೊದಲೇ ತೊಡಿ, ದಡಕ್ಕೆ ಬಂದ ಮೇಲೆ ಬಿಚ್ಚಿ.

ಆಮೇಲೆ ದೂರ ಕೇಳಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪವೇ ಸುಮಾರು 10 ನಾಟಿಕಲ್ ಮೈಲು, ಅಂದರೆ 18-19 ಕಿಲೋಮೀಟರ್. ಆಳ ಸಮುದ್ರವೆಂದರೆ ಅದಕ್ಕೂ ಆಚೆ. ಅಷ್ಟು ದೂರದಲ್ಲಿ ನಿಮ್ಮ ಮೊಬೈಲ್ ನೆಚ್ಚಿಕೊಳ್ಳುವಂತಿಲ್ಲ. ಬೋಟಿನಲ್ಲಿ ವಿಎಚ್‌ಎಫ್ ವೈರ್‌ಲೆಸ್ ಇದೆಯೇ, 16ನೇ ಚಾನೆಲ್ ಹಿಡಿಯುತ್ತದೆಯೇ ಎಂದು ಕೇಳಿ. ಆಪತ್ತಿನ ಕರೆಗೆ ಜಗತ್ತಿನಾದ್ಯಂತ ಮೀಸಲಿಟ್ಟ ಚಾನೆಲ್ ಅದು. ಇಂಜಿನ್ ಕೆಟ್ಟರೆ ಎರಡನೆಯದು ಇದೆಯೇ? ಡೀಸೆಲ್ ಲೆಕ್ಕ ಏನು? ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಇರಲೇಬೇಕು. ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554. ಹೊರಡುವ ಮೊದಲು ಬೋಟಿನ ನಂಬರ್, ವಾಪಸ್ ಬರುವ ಹೊತ್ತು, ಈ ಸಹಾಯವಾಣಿ ಮೂರನ್ನೂ ದಡದಲ್ಲಿ ಉಳಿಯುವ ಒಬ್ಬರಿಗೆ ಬರೆದುಕೊಡಿ.

ಮೀನಿನ ಮಾತಿಗೆ ಬರೋಣ. ‘ಮೀನು ಗ್ಯಾರಂಟಿ’ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ. ಹುಟ್ಟಿನಿಂದ ಸಮುದ್ರದಲ್ಲೇ ಇದ್ದವರ ಬಲೆಯೇ ಕೆಲವು ದಿನ ಖಾಲಿ ಬರುತ್ತದೆ, ನಿಮ್ಮ ಗಾಳಕ್ಕೆ ಎಲ್ಲಿಯ ಗ್ಯಾರಂಟಿ? ಈ ತಿಂಗಳಲ್ಲಿ ಯಾವ ಮೀನು ಓಡುತ್ತದೆ, ಎಷ್ಟು ಹೊತ್ತು ಗಾಳ ಹಾಕಲು ಬಿಡುತ್ತಾರೆ, ಗಾಳ, ಎರೆ, ಐಸ್ ಯಾರದ್ದು, ಸಿಕ್ಕ ಮೀನು ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ. ‘ಆಳ ಸಮುದ್ರ’ ಎಂದು ದುಡ್ಡು ಪಡೆದು, ಬಂದರಿನ ಬಾಯಲ್ಲೇ ಸುತ್ತಾಡಿಸಿ ತರುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ತಂಡೇಲನದು. ‘ಇವತ್ತು ಬೇಡ’ ಅನ್ನಲು ಅವನಿಗೆ ಧೈರ್ಯ ಇದೆಯೇ? ಅದಕ್ಕೆ ದಾರಿ ಮಾಡಿಕೊಡಬೇಕಾದವರು ನಾವು. ಗಾಳಿ ಜೋರಾದರೆ ಅಡ್ವಾನ್ಸ್ ವಾಪಸ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಸಿಗುವುದಿಲ್ಲ ಎಂದಾದರೆ, ದುಡ್ಡು ಹೋಯಿತಲ್ಲ ಎಂದು ನೀವು ಒತ್ತಾಯ ಮಾಡುತ್ತೀರಿ, ಕೊಡಬೇಕಾಯಿತಲ್ಲ ಎಂದು ಅವನು ಹೊರಡುತ್ತಾನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನು ಪುಕ್ಕಟೆ ಕೊಡುತ್ತದೆ, ನಿಮ್ಮ ಫೋನಿನಲ್ಲೇ ನೋಡಬಹುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ಆ ದಿನಗಳಲ್ಲಿ ‘ಸ್ಪೆಷಲ್ ಟ್ರಿಪ್’ ಅನ್ನುವವನ ಹತ್ತಿರ ಮಾತಿಗೂ ನಿಲ್ಲಬೇಡಿ.

ಇನ್ನು ಚೌಕಾಸಿ. ಸಂತೆಯಲ್ಲಿ ಬದನೆಕಾಯಿಗೆ ಮಾಡಿದಂತೆ ಇಲ್ಲೂ ಮಾಡುತ್ತೇವೆ. ಡೀಸೆಲ್ ರೇಟು ತಂಡೇಲನ ಕೈಯಲ್ಲಿಲ್ಲ, ಕಲಾಸಿಯ ಕೂಲಿ ಕೊಡಲೇಬೇಕು. ನಾವು ಜಗ್ಗಿ ಇಳಿಸಿದ ಐನೂರು ರೂಪಾಯಿಯನ್ನು ಅವನು ಇನ್ನೂ ನಾಲ್ಕು ಜನರನ್ನು ಹತ್ತಿಸಿ ತುಂಬಿಕೊಳ್ಳುತ್ತಾನೆ, ಇಲ್ಲವೇ ಹಳೇ ಜಾಕೆಟನ್ನೇ ಇನ್ನೊಂದು ವರ್ಷ ಓಡಿಸುತ್ತಾನೆ. ನಿಯಮ ಪಾಲಿಸುವ ಬೋಟಿನವನು ಪಕ್ಕದಲ್ಲೇ ಖಾಲಿ ನಿಂತಿರುತ್ತಾನೆ, ಅವನ ರೇಟು ನಮಗೆ ದುಬಾರಿ. ಹೀಗೆ ಒಳ್ಳೆಯ ಬೋಟನ್ನು ಧಕ್ಕೆಯಿಂದ ಓಡಿಸುತ್ತಿರುವವರು ಗಿರಾಕಿಗಳಾದ ನಾವೇ.

ಹಾಗಂತ ಎಲ್ಲ ಹೊರೆಯನ್ನೂ ಗಿರಾಕಿಯ ತಲೆಗೆ ಕಟ್ಟಲು ನಾವು ಒಪ್ಪುವುದಿಲ್ಲ. ಗದಗದಿಂದಲೋ ತುಮಕೂರಿನಿಂದಲೋ ಬಂದವನಿಗೆ ಬೋಟಿನ ಕಾಗದ ಓದಲು ಬರಬೇಕು ಎಂದು ಬಯಸುವುದೂ ಅನ್ಯಾಯ. ಬಸ್ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿ ಹಾಕುವ ಸರ್ಕಾರ ಧಕ್ಕೆಯಲ್ಲೂ ಒಂದು ಬೋರ್ಡು ಹಾಕಲಿ. ಬೋಟಿನ ನಂಬರ್, ಎಷ್ಟು ಜನಕ್ಕೆ ಪರವಾನಗಿ, ವಿಮೆ ಯಾವ ತಾರೀಖಿನವರೆಗೆ, ಇವತ್ತು ಸಮುದ್ರಕ್ಕೆ ಇಳಿಯಬಹುದೇ ಇಲ್ಲವೇ, ಈ ನಾಲ್ಕು ಸಾಲು ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ಪ್ರವಾಸಿಗರನ್ನು ಕರೆದೊಯ್ದು ನಾಲ್ಕು ಕಾಸು ನೋಡಬೇಕೆಂಬ ಮೀನುಗಾರರಿಗೆ ತರಬೇತಿ ಮತ್ತು ಪರವಾನಗಿ ಸುಲಭವಾಗಿ ಸಿಗಲಿ. ಈಗಿನಂತೆ ಕದ್ದು ಓಡಿಸುವ ಗತಿ ಅವರಿಗೂ ಬೇಡ.

ಆ ಬೋರ್ಡು ಬರುವವರೆಗೆ ಕೇಳುವ ಬಾಯಿ ನಮ್ಮದೇ ಆಗಬೇಕು. ಮುಂದಿನ ಸಲ ನಿಮ್ಮ ಊರಿನ ಟಿಟಿ ಕರಾವಳಿಗೆ ಹೊರಟಾಗ ಈ ಬರಹವನ್ನು ಅವರ ಗ್ರೂಪಿಗೆ ಕಳಿಸಿ. ಧಕ್ಕೆಯಲ್ಲಿ ಒಬ್ಬರಾದರೂ ‘ಅಣ್ಣಾ, ಎಷ್ಟು ಜನಕ್ಕೆ ಪರ್ಮಿಷನ್ ಇದೆ?’ ಎಂದು ಕೇಳಲಿ.