ಅಕ್ಷರಕ್ಕ ಕೆಲಸ ಕೊಡ್ರಿ

ನಮ್ಮ ಜತ್ತ ಸೀಮೆಯಲ್ಲಿ ಬಸ್ಸಿನ ಬೋರ್ಡು ಮರಾಠಿ, ಹೊಲದ ಉತಾರಿ ಮರಾಠಿ. ಶಾಲಿ ಗೋಡಿ ಬಿಟ್ಟರ ಕನ್ನಡ ಅಕ್ಷರ ಹುಡುಗರ ಕಣ್ಣಿಗೆ ಎಲ್ಲಿ ಬೀಳಬೇಕು? ಹಿಂಗಿದ್ದೂ ಕೆಲ ಗುರುಗಳು 49 ಅಕ್ಷರ, ಕಾಗುಣಿತ ಬಾಯಿಪಾಠ ಆಗೂತನಕ ಒಂದು ಮಾತೂ ಓದಿಸೂದಿಲ್ಲ. ಅರಸನ್ನ, ಆನೆಯನ್ನ ನಮ್ಮ ಹುಡುಗರು ಕಂಡಿಲ್ಲ. ಕುಡಗೋಲು, ರೊಟ್ಟಿ ಕಂಡಾರ. ಅವನ್ನ ಬರೆಸ್ರಿ.

ಬೀಜದ ಚೀಲದ ಮ್ಯಾಲ ‘ಬಿಳಿಜೋಳ’ ಅಂತ ಹುಡುಗ ಬರೀಲಿ, ಹಾಲಿನ ಲೆಕ್ಕ ಹುಡುಗಿ ಇಡಲಿ. ಅವರ ಬಾಯಾಗಿನ ಡೊಳ್ಳಿನ ಪದ ಗೋಡಿ ಮ್ಯಾಲ ಬರೆದು, ಹಾಡಕೋಂತ ಒಂದೊಂದು ಮಾತಿಗೆ ಬೆರಳಿಡಿಸ್ರಿ, ಓದು ಬರತೈತಿ.

ಹೊಟ್ಟಿಗೆ ಮರಾಠಿ ಬೇಕು, ಕಲೀಲಿ. ಆದರ ಮನ್ಯಾಗ ಅಕ್ಷರಕ್ಕ ಕೆಲಸ ಕೊಡದ, ಕನ್ನಡ ಶಾಲಿ ಮುಚ್ಚತಾರ ಅಂತ ಸರಕಾರಕ್ಕ ಬೈದರ ಏನು ಬಂತು? ಕೆಲಸ ಇಲ್ಲದ ಎತ್ತು ಸಂತಿಗೆ ಹೋಗತೈತಿ; ಅಕ್ಷರದ ಗತಿನೂ ಅಷ್ಟೇ.